ಗಟಾರದ ನೀರಿಗೂ ಬೇಕು ಒಂದು ಆಸ್ಪತ್ರೆ



ನಮ್ಮ ಶ್ರೀಮಠದ ಧರ್ಮಾರ್ಥ ಆಸ್ಪತ್ರೆಗೆ ಬಂದಿರುವ ರೋಗಿ ಬಾಂಧವರೇ, ಅವರ ಆರೈಕೆಗಾಗಿ ಜೊತೆಗೆ ಬಂದಿರುವ ತಾಯಂದಿರೇ, ಹಿರಿಯರೇ,

ಈ ಸಲ ಗುಳಿಗೆ, ಇಂಜೆಕ್ಷನ್, ಪಥ್ಯದ ಬಗ್ಗೆ ಬರೆಯುತ್ತಿಲ್ಲ. ನಿಮ್ಮ ಮನೆಯ ಬಚ್ಚಲಿನಿಂದ ಹೊರಟು ಗಟಾರ ಸೇರಿ, ಊರ ಹೊರಗಿನ ಹಳ್ಳಕ್ಕೆ ಹರಿದು ಹೋಗುವ ನೀರಿನ ಬಗ್ಗೆ ಬರೆಯುತ್ತಿದ್ದೇನೆ. ಆಸ್ಪತ್ರೆಗೂ ಗಟಾರಕ್ಕೂ ಏನು ಸಂಬಂಧ ಎಂದು ತಮಗೆ ಅನ್ನಿಸಬಹುದು. ಅದಕ್ಕೆ ಕಾರಣವಾದ ಒಂದು ಪ್ರಸಂಗವನ್ನು ಮೊದಲು ಹೇಳುತ್ತೇನೆ.

ಕಳೆದ ಮಳೆಗಾಲದಲ್ಲಿ ಹತ್ತಿರದ ಹಳ್ಳಿಯ ಹಿರಿಯರೊಬ್ಬರು ತಮ್ಮ ಐದು ವರ್ಷದ ಮೊಮ್ಮಗನನ್ನು ವಾಂತಿ-ಭೇದಿಯೆಂದು ಕರೆತಂದಿದ್ದರು. ಮಗುವಿನ ಕಣ್ಣು ಒಳಗೆ ಹೋಗಿದ್ದವು, ತುಟಿ ಒಣಗಿತ್ತು, ಅಳಲೂ ಶಕ್ತಿ ಇರಲಿಲ್ಲ. ಸಲೈನ್ ಹಚ್ಚಿ, ರಾತ್ರಿಯೆಲ್ಲ ನೋಡಿಕೊಂಡ ಮೇಲೆ ಬೆಳಗಿನ ಹೊತ್ತಿಗೆ ಮಗು ನೀರು ಕೇಳಿತು. ಆಗ ಅಜ್ಜ ಕಿಸೆಯಿಂದ ಒಂದು ಮಡಚಿದ ಕಾಗದ ತೆಗೆದು ನನಗೆ ತೋರಿಸಿದರು.

"ನೋಡವಾ ತಂಗಿ, ನಮ್ಮೂರಾಗ ಗಟಾರದ ನೀರು ಸ್ವಚ್ಛ ಮಾಡೂ ಘಟಕ ಕಟ್ತಾರಂತ. ಹಳ್ಳದ ದಂಡೀಗೆ, ನಮ್ಮ ಹೊಲದ ಮಗ್ಗಲದಾಗ. ಊರ ಹೊಲಸೆಲ್ಲಾ ನಮ್ಮ ಬದುವಿಗೆ ಬಂದು ನಿಂದ್ರತೈತಿ. ಬ್ಯಾಡಂತ ಅರ್ಜಿ ಬರದೀವಿ, ನಾನೂ ಸಹಿ ಮಾಡಬೇಕು. ನೀ ಏನಂತಿ?"

ಒಂದು ಕೈಯಲ್ಲಿ ಆ ಅರ್ಜಿ, ಇನ್ನೊಂದು ಕೈಯಲ್ಲಿ ಮೊಮ್ಮಗನ ಕಾಲು. ನಾನು ತಕ್ಷಣ ಉತ್ತರ ಕೊಡಲಿಲ್ಲ. "ಅಜ್ಜಾರ, ಸಂಜೀಗೆ ಕೂತು ಮಾತಾಡೂಣ್ರಿ" ಎಂದೆ. ಅಂದು ಸಂಜೆ ಅವರಿಗೆ ಹೇಳಿದ್ದನ್ನೇ ಇಂದು ತಮಗೂ ಹೇಳುತ್ತಿದ್ದೇನೆ. ಇಂಥ ಘಟಕಗಳ ಮಾತು ಈಗ ಅನೇಕ ಹಳ್ಳಿಗಳಲ್ಲಿ ನಡೆದಿದೆ. ನಾಳೆ ತಮ್ಮ ಊರಿಗೂ ಬರಬಹುದು.

ನೀರು ಹೆಚ್ಚು ಬಂತು, ಹೋಗುವ ದಾರಿ ಬರಲಿಲ್ಲ

ಹಿಂದೆ ನಮ್ಮ ಅವ್ವಂದಿರು ಬಾವಿಯಿಂದಲೋ ಹೊಳೆಯಿಂದಲೋ ಕೊಡ ಹೊತ್ತು ನೀರು ತರುತ್ತಿದ್ದರು. ಹೊತ್ತು ತಂದ ನೀರನ್ನು ಯಾರೂ ಸುಮ್ಮನೆ ಚೆಲ್ಲುತ್ತಿರಲಿಲ್ಲ. ಬಚ್ಚಲ ನೀರು ಹಿತ್ತಲಿನ ಬಾಳೆಗಿಡಕ್ಕೆ ಹೋಗುತ್ತಿತ್ತು. 2019ರಲ್ಲಿ ಕೇಂದ್ರ ಸರ್ಕಾರದ ಜಲಜೀವನ್ ಮಿಷನ್ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ 'ಮನೆ ಮನೆಗೆ ಗಂಗೆ' ಎಂದು ಹೆಸರಿಟ್ಟರು. ಪ್ರತಿ ಮನೆಗೆ ನಳ, ಒಬ್ಬ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು ಎಂಬುದು ಆ ಯೋಜನೆಯ ಗುರಿ. ಇದು ಬಹಳ ಒಳ್ಳೆಯ ಕೆಲಸ. ಆದರೆ ಮನೆಯೊಳಗೆ ಬಂದ ನೀರು ಹೊರಗೂ ಹೋಗಬೇಕಲ್ಲವೇ?

ಒಂದು ಸಣ್ಣ ಲೆಕ್ಕ ಮಾಡಿ ನೋಡಿರಿ. ಮೂರು ಸಾವಿರ ಜನರ ಊರು. ತಲಾ 55 ಲೀಟರಿನಂತೆ ದಿನಕ್ಕೆ 1,65,000 ಲೀಟರ್ ನೀರು. ಇದರಲ್ಲಿ ಮೂರರಲ್ಲಿ ಎರಡು ಪಾಲು ಬಳಕೆಯಾದ ಮೇಲೆ ಹೊರಗೆ ಬರುತ್ತದೆ ಎಂದು ಹಿಡಿದರೂ 1,10,000 ಲೀಟರ್ ಆಯಿತು. ಐದು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ತುಂಬಿದರೆ 22 ಟ್ಯಾಂಕರ್! ಅಷ್ಟು ಹೊಲಸು ನೀರು ಪ್ರತಿದಿನ ಊರಿನ ಗಟಾರಕ್ಕೆ ಬೀಳುತ್ತದೆ. ಎಲ್ಲಿಗೆ ಹೋಗುತ್ತದೆ? ತಗ್ಗಿಗೆ. ತಗ್ಗಿನಲ್ಲಿ ಹಳ್ಳ. ಹಳ್ಳದಿಂದ ಹೊಳೆ.

ನಮ್ಮ ಮಹಾಲಿಂಗಪುರ, ಮುಧೋಳ ಸೀಮೆಯ ಹಳ್ಳಗಳು ಘಟಪ್ರಭೆಯನ್ನು ಸೇರುತ್ತವೆ. ಘಟಪ್ರಭೆ ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದ ಬಳಿ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆ ಆಲಮಟ್ಟಿ ದಾಟಿ ಮುಂದೆ ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಕೊಳ್ಳುತ್ತಾಳೆ. ಅಣ್ಣ ಬಸವಣ್ಣನವರು ಐಕ್ಯರಾದ ಆ ಪುಣ್ಯಕ್ಷೇತ್ರದಲ್ಲಿ ನಾವು ಭಕ್ತಿಯಿಂದ ಬೊಗಸೆಯಲ್ಲಿ ಹಿಡಿಯುವ ನೀರಿಗೆ ನಮ್ಮ ಮನೆಯ ಬಚ್ಚಲಿನ ನೀರಿನ ನಂಟೂ ಇದೆ ಎಂಬುದನ್ನು ಮರೆಯಬಾರದು.

ಗಟಾರದಿಂದ ಹಾಸಿಗೆಯವರೆಗೆ

ಗಟಾರದಲ್ಲಿ ಬರೀ ಸಾಬೂನಿನ ನೀರು ಇದ್ದರೆ ಅಷ್ಟು ಭಯವಿಲ್ಲ. ಆದರೆ ಅನೇಕ ಊರುಗಳಲ್ಲಿ ಶೌಚಾಲಯದ ಟಾಕಿಯ ಹೊರಕೊಳವೆಯನ್ನು ಸದ್ದಿಲ್ಲದೆ ಗಟಾರಕ್ಕೆ ಬಿಟ್ಟಿರುತ್ತಾರೆ. ಚಿಕ್ಕ ಮಕ್ಕಳ ಮಲವನ್ನೂ ಗಟಾರಕ್ಕೇ ಹಾಕುತ್ತಾರೆ. ರೋಗಿಯ ಒಂದು ಗ್ರಾಂ ಮಲದಲ್ಲಿ, ಅಂದರೆ ಕಡಲೆಕಾಳಿನಷ್ಟು ಮಲದಲ್ಲಿ, ಒಂದು ಕೋಟಿ ವೈರಸ್‌ಗಳು, ಹತ್ತು ಲಕ್ಷ ಬ್ಯಾಕ್ಟೀರಿಯಾಗಳು ಇರಬಹುದು. ಇವು ನಮ್ಮ ಮನೆಗೆ ಮರಳಿ ಬರಲು ನಾಲ್ಕು ದಾರಿಗಳಿವೆ.

ಮೊದಲನೆಯ ದಾರಿ, ಕುಡಿಯುವ ನೀರಿನ ಪೈಪು. ನಮ್ಮ ಹಳ್ಳಿಗಳಲ್ಲಿ ನಳದ ನೀರು ದಿನವಿಡೀ ಬರುವುದಿಲ್ಲ, ತಾಸು-ಎರಡು ತಾಸು ಬಂದು ನಿಲ್ಲುತ್ತದೆ. ನೀರು ನಿಂತಾಗ ಪೈಪು ಬರಿದಾಗುತ್ತದೆ. ಬರಿದಾದ ಪೈಪು ಹೊರಗಿನ ನೀರನ್ನು ಒಳಗೆ ಹೀರಿಕೊಳ್ಳುತ್ತದೆ. ಪೈಪು ಗಟಾರದೊಳಗಿನಿಂದ ಹಾಯ್ದಿದ್ದು, ಅಲ್ಲಿ ಸಣ್ಣ ಬಿರುಕೋ ಸಡಿಲ ಜೋಡಣೆಯೋ ಇದ್ದರೆ ಗಟಾರದ ನೀರು ಒಳಗೆ ಸೇರುತ್ತದೆ. ಮರುದಿನ ನಳ ಬಿಟ್ಟಾಗ ಅದೇ ಮೊದಲು ನಮ್ಮ ಕೊಡಕ್ಕೆ ಬೀಳುತ್ತದೆ. ಕಾಲರಾ, ಕರುಳುಬೇನೆ, ವಿಷಮಶೀತಜ್ವರ (ಟೈಫಾಯಿಡ್), ಕಾಮಾಲೆ ಹೀಗೆ ಒಂದೇ ಓಣಿಯ ಹತ್ತಾರು ಮನೆಗಳಿಗೆ ಒಟ್ಟಿಗೆ ಬರುತ್ತವೆ.

ಎರಡನೆಯದು, ಕೈ ಮತ್ತು ನೊಣ. ಗಟಾರದ ಪಕ್ಕ ಆಡಿದ ಮಗು ಕೈ ತೊಳೆಯದೆ ರೊಟ್ಟಿ ಹಿಡಿಯುತ್ತದೆ. ಗಟಾರದ ಮೇಲೆ ಕುಳಿತ ನೊಣ ಮುಚ್ಚದ ಪಲ್ಯದ ಮೇಲೆ ಕೂಡುತ್ತದೆ.

ಮೂರನೆಯದು, ಹೊಲ. ಹೊಲಸು ನೀರನ್ನು ಹಾಗೆಯೇ ಕಾಯಿಪಲ್ಯಕ್ಕೆ ಹಾಯಿಸಿದರೆ ಜಂತುಹುಳುವಿನ ತತ್ತಿ ಮೆಂತೆ, ಕೊತ್ತಂಬರಿ, ಮೂಲಂಗಿಯ ಜೊತೆ ಮನೆಗೆ ಬರುತ್ತವೆ. ದುಂಡುಹುಳುವಿನ ತತ್ತಿ ಮಣ್ಣಿನಲ್ಲಿ ಒಂದು ವರ್ಷಕ್ಕೂ ಮೇಲ್ಪಟ್ಟು ಬದುಕಿರಬಲ್ಲದು. ಇನ್ನು ಕೊಕ್ಕೆಹುಳು ಬರಿಗಾಲಿನ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಬಸುರಿ ಹೆಣ್ಣುಮಕ್ಕಳಲ್ಲಿ ರಕ್ತಹೀನತೆಗೆ ಇದೂ ಒಂದು ಕಾರಣ.

ನಾಲ್ಕನೆಯದು, ಸೊಳ್ಳೆ. ಡೆಂಗೆ ತರುವ ಸೊಳ್ಳೆ ಸ್ವಚ್ಛ ನೀರಿನಲ್ಲಿ ಮೊಟ್ಟೆ ಇಡುತ್ತದೆ. ಆದರೆ ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆಗೆ ನಿಂತ ಗಟಾರವೇ ತವರು. ಬಾಗಲಕೋಟೆ ಜಿಲ್ಲೆಯನ್ನು ಆನೆಕಾಲು ರೋಗದ ಬಾಧೆ ಇರುವ ಜಿಲ್ಲೆಗಳಲ್ಲಿ ಒಂದೆಂದು ಗುರುತಿಸಲಾಗಿತ್ತು ಎಂಬುದು ನೆನಪಿರಲಿ.

ಇದು ಪುಸ್ತಕದ ಮಾತಷ್ಟೇ ಅಲ್ಲ. 2022ರ ಅಕ್ಟೋಬರಿನಲ್ಲಿ ನಮ್ಮ ನೆರೆಯ ಬೆಳಗಾವಿ ಜಿಲ್ಲೆ ರಾಮದುರ್ಗ ತಾಲ್ಲೂಕಿನ ಮುದೇನೂರಿನಲ್ಲಿ ಕಲುಷಿತ ನೀರು ಕುಡಿದು ಅನೇಕರು ಆಸ್ಪತ್ರೆ ಸೇರಿದರು, ಸಾವೂ ಸಂಭವಿಸಿತು. ಅದೇ ವರ್ಷ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನಿಂದ ಜನ ಜೀವ ಕಳೆದುಕೊಂಡರು.

ಮುಂದುವರೆದ ದೇಶಗಳೂ ಈ ಪಾಠವನ್ನು ಸಾವಿನಿಂದಲೇ ಕಲಿತವು. 1854ರಲ್ಲಿ ಲಂಡನ್ ನಗರದ ಒಂದೇ ಬಡಾವಣೆಯಲ್ಲಿ ಕಾಲರಾದಿಂದ 600ಕ್ಕೂ ಹೆಚ್ಚು ಜನ ಸತ್ತರು. ಡಾ. ಜಾನ್ ಸ್ನೋ ಎಂಬ ವೈದ್ಯರು ಮನೆ ಮನೆ ತಿರುಗಿ, ಸತ್ತವರಲ್ಲಿ ಬಹುತೇಕರು ಒಂದೇ ಕೈಪಂಪಿನ ನೀರು ಕುಡಿದವರು ಎಂದು ತೋರಿಸಿಕೊಟ್ಟರು. ಆ ಬಾವಿಯ ಪಕ್ಕದಲ್ಲೇ ಹಳೆಯ ಮಲದ ಗುಂಡಿಯೊಂದಿತ್ತು, ಅದರ ಗೋಡೆ ಶಿಥಿಲವಾಗಿತ್ತು. ಕಾಲರಾ ಬಂದ ಒಂದು ಕೂಸಿನ ಬಟ್ಟೆ ತೊಳೆದ ನೀರನ್ನು ಅದೇ ಗುಂಡಿಗೆ ಹಾಕಿದ್ದರು. ಒಂದು ಮನೆಯ ಹೊಲಸು ನೀರು ಇಡೀ ಬಡಾವಣೆಯನ್ನು ಮುಟ್ಟಿತು.

ಶುದ್ಧೀಕರಣ ಘಟಕ ಎಂದರೆ ಏನು?

ಗಾಣದಮನೆಯಲ್ಲಿ ಬೆಲ್ಲ ಮಾಡುವುದನ್ನು ನಮ್ಮ ಭಾಗದವರಿಗೆ ಹೇಳಿಕೊಡಬೇಕಿಲ್ಲ. ಕಬ್ಬಿನ ಹಾಲನ್ನು ಮೊದಲು ಸೋಸುತ್ತಾರೆ. ಕಾಯಿಸುವಾಗ ಬೆಂಡೆಗಿಡದ ಲೋಳೆ ಹಾಕಿದರೆ ಹೊಲಸು ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆಯುತ್ತಾರೆ. ಒಂದೊಂದು ಹಂತದಲ್ಲಿ ಒಂದೊಂದು ಬಗೆಯ ಕಲ್ಮಶ ಹೋಗಿ ಕೊನೆಗೆ ಚಿನ್ನದ ಬಣ್ಣದ ಬೆಲ್ಲ ಉಳಿಯುತ್ತದೆ. ನೀರಿನ ಶುದ್ಧಿಯೂ ಹೀಗೆಯೇ, ಹಂತ ಹಂತವಾಗಿ. ಸಣ್ಣ ಊರಿಗೆ ಸಾಮಾನ್ಯವಾಗಿ ಯಂತ್ರಗಳಿಲ್ಲದ, ಇಳಿಜಾರಿನಲ್ಲಿ ತಾನೇ ಹರಿಯುವ ಪದ್ಧತಿ ಅನುಕೂಲ. ಅದರ ಹಂತಗಳು ಹೀಗಿರುತ್ತವೆ.

1. ಜಾಲರಿ ಮತ್ತು ಮರಳು ಕುಣಿ: ಪ್ಲಾಸ್ಟಿಕ್, ಚಿಂದಿ, ಕಸಕಡ್ಡಿ ಜಾಲರಿಗೆ ತಡೆದು ನಿಲ್ಲುತ್ತವೆ. ಉಸುಕು, ಕಲ್ಲು ಕುಣಿಯ ತಳಕ್ಕೆ ಬೀಳುತ್ತವೆ. ಇದನ್ನು ಆಗಾಗ ತೆಗೆಯಬೇಕು.

2. ತಿಳಿಗೊಳಿಸುವ ತೊಟ್ಟಿ: ನೀರು ಕೆಲವು ತಾಸು ಅಲುಗಾಡದೆ ನಿಲ್ಲುತ್ತದೆ. ಭಾರವಾದ ಹೊಲಸು ಕೆಸರಾಗಿ ತಳಕ್ಕೆ, ಎಣ್ಣೆ-ಜಿಡ್ಡು ಮೇಲಕ್ಕೆ. ನಡುವಿನ ನೀರು ಮುಂದಕ್ಕೆ.

3. ಗಾಳಿಯಾಡದ ಕೋಣೆಗಳು: ಮುಚ್ಚಿದ ತೊಟ್ಟಿಯೊಳಗೆ ಸಾಲಾಗಿ ಅಡ್ಡಗೋಡೆಗಳಿರುತ್ತವೆ. ನೀರು ಒಂದು ಗೋಡೆಯ ಕೆಳಗೆ ನುಸುಳಿ, ಇನ್ನೊಂದರ ಮೇಲೆ ಹತ್ತಿ, ಕೆಸರಿನ ಪದರವನ್ನು ಹಾಯ್ದು ಹೋಗುತ್ತದೆ. ಆ ಕೆಸರಿನಲ್ಲಿ ಗಾಳಿ ಬೇಡದ ಸೂಕ್ಷ್ಮಜೀವಿಗಳಿರುತ್ತವೆ. ಅವು ನೀರಿನಲ್ಲಿ ಕರಗಿದ ಹೊಲಸನ್ನು ತಿಂದು ಗ್ಯಾಸು ಮಾಡುತ್ತವೆ. ಗೋಬರ್ ಗ್ಯಾಸಿನ ಕೆಲಸವೂ ಇದೇ.

4. ಗರಸು ಮತ್ತು ಗಿಡಗಳ ಹಾಸು: ಕಲ್ಲು-ಗರಸು ತುಂಬಿದ ಮಡಿಯಲ್ಲಿ ಕಾಬಾಳೆ, ಜಂಬುಹುಲ್ಲಿನಂಥ ಗಿಡ ನೆಟ್ಟಿರುತ್ತಾರೆ. ನೀರು ಗರಸಿನ ಒಳಗೊಳಗೇ ಹರಿಯುತ್ತದೆ, ಮೇಲೆ ಕಾಣುವುದಿಲ್ಲ. ಆದ್ದರಿಂದ ಸೊಳ್ಳೆಗೆ ಜಾಗವಿಲ್ಲ. ಬೇರು ಮತ್ತು ಗರಸಿಗೆ ಅಂಟಿಕೊಂಡ ಜೀವಿಗಳು ಉಳಿದ ಹೊಲಸನ್ನು, ದುರ್ವಾಸನೆಯನ್ನು ಕಳೆಯುತ್ತವೆ.

5. ಕೊನೆಯ ಕೊಳ: ಆಳವಿಲ್ಲದ ಕೊಳದಲ್ಲಿ ನೀರು ಬಿಸಿಲಿಗೆ ತೆರೆದುಕೊಳ್ಳುತ್ತದೆ. ನಮ್ಮ ಬಯಲುಸೀಮೆಯ ಬಿಸಿಲು ರೋಗಾಣುಗಳಿಗೆ ದೊಡ್ಡ ಶತ್ರು. ಇಲ್ಲಿ ಮೀನು ಬಿಟ್ಟರೆ ಅವು ಸೊಳ್ಳೆಯ ಮರಿಗಳನ್ನು ತಿನ್ನುತ್ತವೆ.

ಜಾಗ ಧಾರಾಳವಾಗಿದ್ದ ಕಡೆ ಬರೀ ಕೊಳಗಳ ಸಾಲಿನಿಂದಲೂ ನೀರನ್ನು ಶುದ್ಧ ಮಾಡುತ್ತಾರೆ. ಜಾಗ ಕಡಿಮೆ ಇದ್ದ ಪಟ್ಟಣಗಳಲ್ಲಿ ಮೋಟಾರಿನಿಂದ ಗಾಳಿ ಊದುವ ಯಂತ್ರಗಳಿರುತ್ತವೆ, ಆದರೆ ಅವಕ್ಕೆ ಕರೆಂಟು, ನುರಿತ ಕೆಲಸಗಾರರು ಬೇಕು. ಕರೆಂಟು ಹೋದರೆ ಶುದ್ಧಿಯೂ ಹೋಯಿತು.

ಘಟಕದಿಂದ ಬಂದ ನೀರನ್ನು ಕುಡಿಯಬಾರದು ಎಂಬುದನ್ನು ತಾವು ಚೆನ್ನಾಗಿ ತಿಳಿಯಬೇಕು. ನೋಡಲು ತಿಳಿಯಾಗಿದ್ದರೂ ಅದು ಕುಡಿಯುವ ನೀರಲ್ಲ. ಮುಖ ತೊಳೆಯಲು, ಪಾತ್ರೆ ತೊಳೆಯಲು ಸಹ ಬೇಡ. ಹಸಿಯಾಗಿ ತಿನ್ನುವ ಸೊಪ್ಪು, ಗಜ್ಜರಿ, ಸೌತೆಗೆ ಹಾಯಿಸಬಾರದು. ಕಬ್ಬು, ಗೋವಿನಜೋಳ, ಗಿಡಮರಗಳಿಗೆ ಬಳಸಬಹುದು. ಹನಿ ನೀರಾವರಿಯಾದರೆ ಇನ್ನೂ ಒಳ್ಳೆಯದು. ಆ ಹೊಲದಲ್ಲಿ ದುಡಿಯುವವರು ಕಾಲಿಗೆ ಬೂಟು ಹಾಕಿಕೊಳ್ಳಬೇಕು, ಮನೆಗೆ ಬಂದು ಸಾಬೂನಿನಿಂದ ಕೈಕಾಲು ತೊಳೆಯಬೇಕು. ನೀರಾವರಿಗೆ ಬಳಸುವ ಇಂಥ ನೀರಿನ ಒಂದು ಲೀಟರಿನಲ್ಲಿ ಜಂತುಹುಳುವಿನ ಒಂದಕ್ಕಿಂತ ಹೆಚ್ಚು ತತ್ತಿ ಇರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿದೆ.

ಇಂಗುಗುಂಡಿ ಸಾಲದೇ?

"ಮನೆಗೊಂದು ಇಂಗುಗುಂಡಿ ತೋಡಿದರೆ ಆಯಿತು, ಘಟಕ ಯಾಕೆ?" ಎಂದು ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಮಸಾರಿ, ಕೆಂಪು ಮಣ್ಣಿನ ಊರಿನಲ್ಲಿ, ಮನೆ ದೂರ ದೂರ ಇದ್ದಲ್ಲಿ ಇಂಗುಗುಂಡಿಯೇ ಉತ್ತಮ. ಅದು ಅಗ್ಗ, ಸರಳ. ಆದರೆ ನಮ್ಮದು ಹೆಚ್ಚಾಗಿ ಎರೆಭೂಮಿ. ಎರೆಮಣ್ಣು ಒದ್ದೆಯಾದರೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ, ನೀರನ್ನು ಒಳಗೆ ಬಿಡುವುದಿಲ್ಲ. ಕಾಲುವೆ ನೀರು ಹೆಚ್ಚಾಗಿ ಸವಳು-ಜವಳಾದ ಕಡೆ ಭೂಮಿಯೊಳಗಿನ ನೀರೇ ಮೇಲೆ ಬಂದಿರುತ್ತದೆ. ಅಲ್ಲಿ ಗುಂಡಿ ತೋಡಿದರೆ ಇಂಗುವ ಬದಲು ತುಂಬಿ ನಿಲ್ಲುತ್ತದೆ, ಹೊಲಸು ನೇರವಾಗಿ ಅಂತರ್ಜಲಕ್ಕೆ ಸೇರುತ್ತದೆ. ಇಂಥ ಊರಿಗೆ ನೀರನ್ನು ಒಂದೆಡೆ ಕೂಡಿಸಿ ಶುದ್ಧ ಮಾಡುವುದೇ ದಾರಿ.

ಶೌಚಾಲಯಕ್ಕೆ ಮಾತ್ರ ಎರಡು ಗುಂಡಿಯ ಪದ್ಧತಿ ಇರಲಿ. ಒಂದು ತುಂಬಿದ ಮೇಲೆ ಅದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸಬೇಕು. ಮುಚ್ಚಿದ ಗುಂಡಿ ಒಂದೂವರೆ-ಎರಡು ವರ್ಷದಲ್ಲಿ ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಗುಂಡಿಗೂ ಕುಡಿಯುವ ನೀರಿನ ಬಾವಿ ಅಥವಾ ಬೋರಿಗೂ ಕನಿಷ್ಠ 10 ಮೀಟರ್, ಅಂದರೆ 33 ಅಡಿ ಅಂತರ ಬೇಕು. ಎರೆಭೂಮಿಯಲ್ಲಿ ಗುಂಡಿಯ ಸುತ್ತ ಮರಳು ತುಂಬಿಸಬೇಕು. ಜವಳು ಭೂಮಿಯಲ್ಲಾದರೆ ಇಂಜಿನಿಯರರ ಸಲಹೆ ಪಡೆದೇ ಕಟ್ಟಿಸಬೇಕು.

ಬೇರೆ ಕಡೆ ಆಗಿದೆಯೇ?

ಆಗಿದೆ. ಪುದುಚೇರಿಯ ಹತ್ತಿರದ ಅರವಿಂದ ಕಣ್ಣಿನ ಆಸ್ಪತ್ರೆಯವರು ತಮ್ಮ ಆಸ್ಪತ್ರೆಯ ಬಳಸಿದ ನೀರನ್ನು ಮೇಲೆ ಹೇಳಿದ ತೊಟ್ಟಿ, ಗರಸಿನ ಹಾಸು, ಕೊಳದ ಪದ್ಧತಿಯಿಂದಲೇ ಶುದ್ಧ ಮಾಡಿ ತಮ್ಮ ತೋಟಕ್ಕೆ ಬಳಸಿದ್ದಾರೆ. ರೋಗಿಗಳು ಓಡಾಡುವ ಆವರಣದಲ್ಲಿಯೇ ಇದು ಸಾಧ್ಯವಾಯಿತು. ನಮ್ಮ ರಾಜ್ಯದ ದೇವನಹಳ್ಳಿಯಲ್ಲಿ ಒಳಚರಂಡಿ ಇರಲಿಲ್ಲ. ಮನೆಗಳ ಗುಂಡಿಗಳಿಂದ ತೆಗೆದ ಮಲದ ಕೆಸರನ್ನು ಶುದ್ಧ ಮಾಡುವ ಘಟಕವನ್ನು ಅಲ್ಲಿ 2015ರಲ್ಲಿ ಆರಂಭಿಸಿದರು. ಒಂದು ಪಟ್ಟಣಕ್ಕಾಗಿ ಕಟ್ಟಿದ ಇಂಥ ಘಟಕ ದೇಶದಲ್ಲೇ ಮೊದಲನೆಯದು. ಒಣಗಿದ ಕೆಸರು ಗೊಬ್ಬರವಾಗಿ ರೈತರಿಗೆ ಹೋಯಿತು.

ದೊಡ್ಡ ಪ್ರಮಾಣದಲ್ಲಿ ನೋಡಬೇಕಾದರೆ ಕೋಲಾರವಿದೆ. 2018ರಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಆ ಬರಗಾಲದ ಜಿಲ್ಲೆಯ ಕೆರೆಗಳಿಗೆ ಹರಿಸಲು ಆರಂಭಿಸಿದರು. ಬತ್ತಿದ ಬೋರುಗಳಲ್ಲಿ ನೀರು ಬಂತು ಎಂದು ಹರ್ಷಪಟ್ಟ ರೈತರಿದ್ದಾರೆ. ಎರಡು ಹಂತ ಸಾಲದು, ಮೂರನೆಯ ಹಂತದ ಶುದ್ಧಿಯೂ ಬೇಕು ಎಂದು ಹೋರಾಡಿದವರೂ ಇದ್ದಾರೆ. ಎರಡನ್ನೂ ನಾವು ಕೇಳಬೇಕು. ಶುದ್ಧಿ ಎಷ್ಟಾಗಿದೆ ಎಂದು ಪರೀಕ್ಷೆ ಮಾಡಿ ನೋಡದೆ ಯಾವ ನೀರನ್ನೂ ನಂಬಬಾರದು.

"ನಮ್ಮ ಹೊಲದ ಮಗ್ಗಲಲ್ಲಿ ಬೇಡ"

ಈಗ ಅಜ್ಜನ ಪ್ರಶ್ನೆಗೆ ಬರೋಣ. ಅವರ ಭಯ ಸುಳ್ಳಲ್ಲ. ಘಟಕ ಕಟ್ಟಿ, ರಿಬ್ಬನ್ ಕತ್ತರಿಸಿ, ಆಮೇಲೆ ಯಾರೂ ತಿರುಗಿ ನೋಡದಿದ್ದರೆ ಏನಾಗುತ್ತದೆ? ಜಾಲರಿಗೆ ಕಸ ಕಟ್ಟುತ್ತದೆ. ತೊಟ್ಟಿಯಲ್ಲಿ ಕೆಸರು ತುಂಬುತ್ತದೆ. ನೀರು ಉಕ್ಕಿ ಬದುವಿನ ಮೇಲೆ ಹರಿಯುತ್ತದೆ, ನಾರುತ್ತದೆ. ಹಾಗೆ ಹಾಳುಬಿದ್ದ ಘಟಕ ಗಟಾರಕ್ಕಿಂತ ಕೆಟ್ಟದ್ದು. ಅದು ಇರುವ ಕಡೆ ಬದುಕುವವರ ಮಾತನ್ನು "ತಿಳಿವಳಿಕೆ ಇಲ್ಲದವರು" ಎಂದು ತಳ್ಳಿಹಾಕುವುದು ಸರಿಯಲ್ಲ.

ಆದರೆ ಘಟಕ ಬೇಡವೆಂದರೆ ಹೊಲಸು ನೀರು ಹುಟ್ಟುವುದು ನಿಲ್ಲುವುದಿಲ್ಲ. ಆ 22 ಟ್ಯಾಂಕರ್ ನೀರು ಈಗಲೂ ಪ್ರತಿದಿನ ಅದೇ ಹಳ್ಳಕ್ಕೆ, ಅದೇ ಬದುವಿನ ಪಕ್ಕದಲ್ಲೇ ಹೋಗುತ್ತಿದೆ. ಶುದ್ಧವಾಗದೆ ಹೋಗುತ್ತಿದೆ, ಅಷ್ಟೇ. ಊರಿನ ಹೊಲಸು ಅಜ್ಜನ ಹೊಲದ ಹತ್ತಿರ ಹೊಸದಾಗಿ ಬರುವುದಲ್ಲ. ಬಂದು ಬಹಳ ದಿನವಾಯಿತು. ಆದ್ದರಿಂದ ಘಟಕ ಬೇಕೋ ಬೇಡವೋ ಎನ್ನುವುದಕ್ಕಿಂತ ಅದನ್ನು ಯಾರು, ಹೇಗೆ, ಎಷ್ಟು ವರ್ಷ ನಡೆಸುತ್ತಾರೆ ಎಂದು ಕೇಳಬೇಕು.

ಹಣದ ವಿಷಯವೂ ತಿಳಿದಿರಲಿ. 2020ರಲ್ಲಿ ಆರಂಭವಾದ ಸ್ವಚ್ಛ ಭಾರತ ಮಿಷನ್ (ಗ್ರಾಮೀಣ) ಎರಡನೆಯ ಹಂತದ ಮಾರ್ಗಸೂಚಿಯಲ್ಲಿ ಬಚ್ಚಲ ನೀರಿನ ವಿಲೇವಾರಿಗೆ, 5,000 ವರೆಗಿನ ಜನಸಂಖ್ಯೆಯ ಊರಿಗೆ ತಲಾ 280 ರೂಪಾಯಿವರೆಗೆ, ಅದಕ್ಕಿಂತ ದೊಡ್ಡ ಊರಿಗೆ ತಲಾ 660 ರೂಪಾಯಿವರೆಗೆ ಇಟ್ಟರು. ಮೂರು ಸಾವಿರ ಜನರ ಊರಿಗೆ ಇದು 8,40,000 ರೂಪಾಯಿ ಆಗುತ್ತದೆ. ಇದರಲ್ಲಿ ಶೇಕಡಾ 30 ಭಾಗವನ್ನು ಗ್ರಾಮ ಪಂಚಾಯಿತಿ ತನಗೆ ಬರುವ ಹಣಕಾಸು ಆಯೋಗದ ಅನುದಾನದಿಂದ ಹಾಕಬೇಕಿತ್ತು. ಇದೆಲ್ಲ ಕಟ್ಟುವ ಹಣ. ನಡೆಸುವ ಹಣವನ್ನು ವರ್ಷ ವರ್ಷ ಊರೇ ಹೊಂದಿಸಬೇಕು.

ಗ್ರಾಮಸಭೆಯಲ್ಲಿ ಈ ಪ್ರಶ್ನೆ ಕೇಳಿರಿ

- ಘಟಕಕ್ಕೆ ಬಚ್ಚಲ ನೀರು ಮಾತ್ರ ಬರುತ್ತದೆಯೋ, ಶೌಚಾಲಯದ ನೀರೂ ಬರುತ್ತದೆಯೋ? ಬಂದರೆ ಅದಕ್ಕೆ ತಕ್ಕಂತೆ ನಕ್ಷೆ ಮಾಡಿದ್ದೀರಾ?
- ಮಳೆ ನೀರು ಬೇರೆ ಹೋಗುತ್ತದೆಯೇ? ದೊಡ್ಡ ಮಳೆಯಲ್ಲಿ ಹಳ್ಳ ಉಕ್ಕಿದರೆ ಘಟಕ ಮುಳುಗುತ್ತದೆಯೇ?
- ಹತ್ತಿರದ ಮನೆ, ಶಾಲೆ, ಕುಡಿಯುವ ನೀರಿನ ಬೋರು ಎಷ್ಟು ದೂರದಲ್ಲಿವೆ?
- ಗಟಾರದೊಳಗಿಂದ ಹಾಯ್ದ ನಳದ ಪೈಪುಗಳನ್ನು ಈ ಕೆಲಸದ ಜೊತೆಗೇ ಹೊರಗೆ ತೆಗೆಯುತ್ತೀರಾ?
- ಜಾಲರಿ ಸ್ವಚ್ಛ ಮಾಡುವವರು ಯಾರು? ಅವರಿಗೆ ಪಗಾರ, ಕೈಚೀಲ, ಬೂಟು ಯಾವ ಹಣದಿಂದ?
- ತೊಟ್ಟಿಯ ಕೆಸರನ್ನು ಎಷ್ಟು ವರ್ಷಕ್ಕೊಮ್ಮೆ, ಯಾವ ಯಂತ್ರದಿಂದ ತೆಗೆಯುತ್ತೀರಿ, ಎಲ್ಲಿ ಹಾಕುತ್ತೀರಿ?
- ಹೊರಬಂದ ನೀರನ್ನು ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಪಂಚಾಯಿತಿಯ ಬೋರ್ಡಿಗೆ ಹಚ್ಚುತ್ತೀರಾ?
- ಶುದ್ಧವಾದ ನೀರು ಯಾರ ಹೊಲಕ್ಕೆ? ಘಟಕದ ಪಕ್ಕದ ರೈತರಿಗೆ ಮೊದಲ ಹಕ್ಕು ಕೊಡುತ್ತೀರಾ?

ಇವಕ್ಕೆ ಉತ್ತರ ಠರಾವಿನಲ್ಲಿ ಬರೆದು ಬರಲಿ. ಬಾಯಿಮಾತು ಬೇಡ.

ಇನ್ನೊಂದು ಮಾತನ್ನು ಕಟ್ಟುನಿಟ್ಟಾಗಿ ಹೇಳಬೇಕು. ಟಾಕಿಯೊಳಗೆ, ಮ್ಯಾನ್‌ಹೋಲಿನೊಳಗೆ ಮನುಷ್ಯರನ್ನು ಇಳಿಸಲೇಬಾರದು. ಒಳಗಿನ ವಿಷಗಾಳಿ ಒಂದೆರಡು ಉಸಿರಿನಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಮೇಲೆತ್ತಲು ಇಳಿದವರೂ ಸಾಯುತ್ತಾರೆ. ರಕ್ಷಣಾ ಸಾಧನಗಳಿಲ್ಲದೆ ಹೀಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. 2023ರಲ್ಲಿ ಸುಪ್ರೀಂ ಕೋರ್ಟು ಇಂಥ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಆದರೆ ಹೋದ ಜೀವ ಹಣದಿಂದ ಬಾರದು. ಕಸ ಗುಡಿಸುವುದನ್ನೇ ಕಾಯಕ ಮಾಡಿಕೊಂಡ ಸತ್ಯಕ್ಕನನ್ನು ಶರಣೆಯೆಂದು ಗೌರವಿಸಿದ ಪರಂಪರೆ ನಮ್ಮದು. ಸ್ವಚ್ಛತೆಯ ಕೆಲಸ ಮಾಡುವವರ ಜೀವವನ್ನು ಅಗ್ಗವಾಗಿ ಕಂಡರೆ ನಾವು ಆ ಹೆಸರು ಹೇಳಲು ಯೋಗ್ಯರಲ್ಲ.

ಮನೆಯಲ್ಲಿ ನಾವು ಮಾಡಬೇಕಾದದ್ದು

ಘಟಕದಲ್ಲಿ ಕೆಲಸ ಮಾಡುವುದು ಕಣ್ಣಿಗೆ ಕಾಣದ ಜೀವಿಗಳು. ಅವುಗಳನ್ನು ಕೊಲ್ಲುವ ವಸ್ತು ಹಾಕಿದರೆ ಘಟಕ ನಿಂತಂತೆಯೇ. ಆ್ಯಸಿಡ್, ಹೆಚ್ಚು ಫಿನಾಯಿಲ್, ಕೀಟನಾಶಕದ ಡಬ್ಬಿ ತೊಳೆದ ನೀರು, ಉಳಿದ ಔಷಧಿ, ಸುಟ್ಟ ಎಣ್ಣೆಯನ್ನು ಗಟಾರಕ್ಕೆ ಹಾಕಬೇಡಿರಿ. ನಮ್ಮ ಭಾಗದಲ್ಲಿ ಸೀರೆ ನೇಯುವ ಮನೆಗಳು ಬಹಳ. ನೂಲಿಗೆ ಬಣ್ಣ ಹಾಕಿದ ನೀರನ್ನು ಊರಿನ ಘಟಕಕ್ಕೆ ಬಿಡಲೇಬಾರದು, ಅದಕ್ಕೆ ಬೇರೆಯೇ ಶುದ್ಧೀಕರಣ ಬೇಕು. ಸ್ಯಾನಿಟರಿ ಪ್ಯಾಡು, ಮಕ್ಕಳ ಡೈಪರು, ಪ್ಲಾಸ್ಟಿಕ್ ಚೀಲಗಳು ಕೊಳವೆಯನ್ನು ಕಟ್ಟಿಸುತ್ತವೆ, ಅವನ್ನು ಕಸದ ಗಾಡಿಗೆ ಕೊಡಿರಿ. ಪಾತ್ರೆ ತೊಳೆಯುವ ಮುಂಚೆ ಉಳಿದ ಅನ್ನ-ಸಾರನ್ನು ದನದ ಬಾನಿಗೆ ಹಾಕಿರಿ.

ಘಟಕ ಆಗುವವರೆಗೆ

ನೀರನ್ನು ಕುದಿಸಿ ಆರಿಸಿ ಕುಡಿಯಿರಿ. ಚೆನ್ನಾಗಿ ಗುಳ್ಳೆ ಎದ್ದು ಕನಿಷ್ಠ ಒಂದು ನಿಮಿಷ ಕುದಿಯಬೇಕು. ಕ್ಲೋರಿನ್ ಗುಳಿಗೆಯಾದರೆ ಪೊಟ್ಟಣದ ಮೇಲೆ ಬರೆದ ಪ್ರಮಾಣದಲ್ಲಿ ಹಾಕಿ, ಅರ್ಧ ತಾಸು ಬಿಟ್ಟು ಕುಡಿಯಿರಿ. ನಳ ಬಿಟ್ಟ ತಕ್ಷಣ ಬರುವ ಕಲಕು ನೀರನ್ನು ಕುಡಿಯಲು ಹಿಡಿಯಬೇಡಿರಿ. ನೀರಿಗೆ ವಾಸನೆ, ಬಣ್ಣ ಬಂದರೆ ಅದೇ ದಿನ ಪಂಚಾಯಿತಿಗೂ ಆಶಾ ಕಾರ್ಯಕರ್ತೆಗೂ ತಿಳಿಸಿರಿ. ಒಂದೇ ಓಣಿಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ಭೇದಿಯಾದರೆ ನೀರಿನ ಮೇಲೆ ಸಂಶಯ ಪಡಿರಿ.

ಮಗುವಿಗೆ ಭೇದಿಯಾದರೆ ಹಾಲು, ಊಟ ನಿಲ್ಲಿಸಬೇಡಿರಿ. ಎದೆಹಾಲು ಕುಡಿಸುತ್ತಲೇ ಇರಿ. ಒಂದು ದೊಡ್ಡ ಓ.ಆರ್.ಎಸ್. ಪೊಟ್ಟಣವನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿನಲ್ಲಿ ಪೂರ್ತಿ ಕರಗಿಸಿ, ಚಮಚದಿಂದ ಸ್ವಲ್ಪ ಸ್ವಲ್ಪವೇ ಕುಡಿಸಿರಿ. 24 ತಾಸಿನ ನಂತರ ಉಳಿದದ್ದನ್ನು ಚೆಲ್ಲಿರಿ. ಜಿಂಕ್ ಗುಳಿಗೆಯನ್ನು ವೈದ್ಯರು ಹೇಳಿದಂತೆ 14 ದಿನ ಕೊಡಿರಿ, ಭೇದಿ ನಿಂತಿತೆಂದು ನಡುವೆ ಬಿಡಬೇಡಿರಿ. ಕಣ್ಣು ಒಳಗೆ ಹೋದರೆ, ಮಗು ಮಂಕಾದರೆ, ಕುಡಿಯಲು ಆಗದಿದ್ದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿರಿ. ರಾತ್ರಿಯಾದರೂ ಸರಿ.

ಕೊನೆಯ ಮಾತು

ಅಂದು ಸಂಜೆ ಇಷ್ಟನ್ನೆಲ್ಲ ಕೇಳಿದ ಅಜ್ಜ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಆಮೇಲೆ ಆ ಅರ್ಜಿಯನ್ನು ತಿರುವಿ, ಹಿಂಬದಿಯ ಖಾಲಿ ಹಾಳೆಯನ್ನು ನನ್ನ ಮುಂದೆ ಹಿಡಿದರು. "ಆ ಪ್ರಶ್ನೆ ಇದರಾಗ ಬರದು ಕೊಡವಾ. ಮೊದಲ ಕೇಳ್ತೀನಿ. ಉತ್ತರಾ ಬಂದ ಮ್ಯಾಲೆ ಸಹಿ ಮಾಡೂದೋ ಬಿಡೂದೋ ನೋಡೂಣು" ಎಂದರು. ಬರೆದುಕೊಟ್ಟೆ. ಮೂರನೆಯ ದಿನ ಮೊಮ್ಮಗ ಅವರ ಹೆಗಲ ಮೇಲೆ ಕುಳಿತು ಊರಿಗೆ ಹೋದ.

ಆಸ್ಪತ್ರೆಯಲ್ಲಿ ನಾವು ರೋಗ ಬಂದ ಮೇಲೆ ಗುಣಪಡಿಸುತ್ತೇವೆ. ಊರ ತಗ್ಗಿನಲ್ಲಿ ಕಟ್ಟುವ ಆ ತೊಟ್ಟಿ, ಗರಸು, ಕೊಳಗಳು ಸರಿಯಾಗಿ ನಡೆದರೆ ರೋಗ ಬರುವ ಮೊದಲೇ ತಡೆಯುತ್ತವೆ. ಶುದ್ಧ ಮಾಡಿದ ನೀರನ್ನು ಕೆಳಗಿನ ಊರಿಗೆ ಬಿಡುವುದೂ ಒಂದು ದಾಸೋಹವೇ. ಮೇಲಿನ ಊರಿನವರು ನಮಗೆ ಹಾಗೆ ಮಾಡಲಿ ಎಂದು ನಾವು ಬಯಸುತ್ತೇವಲ್ಲವೇ?

ತಾವು ಬೇಗ ಗುಣಮುಖರಾಗಿ ಮನೆಗೆ ಹೋಗಿರಿ. ಹೋಗುವಾಗ ಈ ಪತ್ರಿಕೆಯನ್ನು ಜೊತೆಗೆ ಒಯ್ಯಿರಿ, ನಿಮ್ಮ ಊರಿನ ಮುಂದಿನ ಗ್ರಾಮಸಭೆಗೆ ಬೇಕಾದೀತು.